ಆಟಿಕೆ ಲೈಬ್ರರಿಗೆ ಹೆಸರು, ಗುರುತು, ಚೀಲ: ಮುಂಬೈಯ ಕನ್ನಡ ಸಂಘಗಳಿಗೊಂದು ಸಮಗ್ರ ಮಾರ್ಗದರ್ಶಿ

ಡೊಂಬಿವಲಿ, ಮುಲುಂಡ್, ನೆರೂಲ್, ಮೀರಾ ರೋಡ್, ಎಲ್ಲಿಯೇ ಆಗಲಿ, ಎರಡು ಕೋಣೆಯ ಮನೆಯಲ್ಲಿ ಆಟಿಕೆಗೆ ಸಿಗುವ ಜಾಗವೆಂದರೆ ಮಂಚದ ಅಡಿ. ಮಗು ನಾಲ್ಕು ತಿಂಗಳು ಆಡಿ ಬಿಟ್ಟ ಬ್ಲಾಕ್ಸ್ ಅಲ್ಲೇ ಧೂಳು ಹಿಡಿಯುತ್ತದೆ. ಅದೇ ಬ್ಲಾಕ್ಸನ್ನು ಕೆಳಗಿನ ಮಹಡಿಯವರು ಅಂಗಡಿಯಿಂದ ಹೊಸದಾಗಿ ತರುತ್ತಾರೆ. ಸಂಘದ ಕೋಣೆಯಲ್ಲಿ ಒಂದು ಕಪಾಟು, ಭಾನುವಾರ ಎರಡು ಗಂಟೆ ಕೂರುವ ನಾಲ್ಕು ಜನ ಸಿಕ್ಕರೆ, ಪುಸ್ತಕದಂತೆ ಆಟಿಕೆಯನ್ನು ಮನೆಗೆ ಕೊಟ್ಟು ವಾಪಸ್ ಪಡೆಯುವ ಆಟಿಕೆ ಲೈಬ್ರರಿ ಶುರುವಾಗುತ್ತದೆ. ಅದು ಎರಡನೇ ವರ್ಷಕ್ಕೂ ನಡೆಯಬೇಕೆಂದರೆ ಎರಡು ಕೆಲಸ ಆಗಬೇಕು. ಕೊಟ್ಟ ಆಟಿಕೆ ಪೂರ್ತಿಯಾಗಿ ವಾಪಸ್ ಬರಬೇಕು, ಬೇರೆ ಮಗು ಆಡಿದ ಆಟಿಕೆಯನ್ನು ಮನೆಯವರು ಹಿಂಜರಿಯದೆ ಒಯ್ಯಬೇಕು. ಹೆಸರು, ಚಿಹ್ನೆ, ಚೀಲ, ಕಾರ್ಡು, ಸಂದೇಶದ ಭಾಷೆ ಎಲ್ಲವೂ ಈ ಎರಡು ಕೆಲಸಕ್ಕೆ ದುಡಿಯಬೇಕು. ಚಂದದ ಲೋಗೊ ಮಾಡಿಸಿ ಫ್ಲೆಕ್ಸ್ ಕಟ್ಟಿದರೆ ಉದ್ಘಾಟನೆಯ ದಿನ ಜನ ಸೇರುತ್ತಾರೆ. ಆಟಿಕೆಯನ್ನು ವಾಪಸ್ ತರಿಸುವುದು ಚೀಲ ಮತ್ತು ಕಾರ್ಡು.

ಲೋಗೊಗೆ ಮೊದಲು ಲೆಕ್ಕ

40 ಮನೆಗಳ ಗುರಿ ಇಟ್ಟುಕೊಳ್ಳಿ. ಒಂದು ಮನೆಗೆ ಎರಡು ಆಟಿಕೆ, ಎರಡು ವಾರದ ಅವಧಿ. ಆಗ 80 ಆಟಿಕೆ ಸದಾ ಹೊರಗಿರುತ್ತವೆ. ಕಪಾಟಿನಲ್ಲಿ ಆರಿಸಿಕೊಳ್ಳಲು ಇನ್ನೂ 40 ಇಲ್ಲದಿದ್ದರೆ ಬಂದವರು ಬರಿಗೈಲಿ ಹೋಗುತ್ತಾರೆ, ಮುಂದಿನ ಭಾನುವಾರ ಬರುವುದಿಲ್ಲ. ಹಾಗಾಗಿ 120 ಆಟಿಕೆ ಕೈಗೆ ಬರುವವರೆಗೆ ಎಲ್ಲೂ ಪ್ರಚಾರ ಬೇಡ. ವರ್ಷಕ್ಕೆ 600 ರೂಪಾಯಿ ಸದಸ್ಯತ್ವ, 500 ರೂಪಾಯಿ ಠೇವಣಿ ಎಂದು ಇಟ್ಟುಕೊಂಡರೆ ಚೀಲ, ಅಂಟುಚೀಟಿ, ರಿಪೇರಿಯ ಖರ್ಚಿಗೆ ಆಧಾರವಾಗುತ್ತದೆ. ಠೇವಣಿಯ ಹಣವನ್ನು ಖರ್ಚಿಗೆ ಮುಟ್ಟಬೇಡಿ, ಬೇರೆ ಖಾತೆಯಲ್ಲಿಡಿ.

ದಾನವಾಗಿ ಬರುವುದನ್ನೆಲ್ಲ ತೆಗೆದುಕೊಂಡರೆ ಲೈಬ್ರರಿ ಗುಜರಿಯಂತೆ ಕಾಣತೊಡಗುತ್ತದೆ. ಬಣ್ಣ ಎದ್ದ ಹಳೆಯ ಆಟಿಕೆ ಬೇಡ, ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದು ಬೇಡ. ಗುಂಡಿಯಂಥ ಚಿಕ್ಕ ಬ್ಯಾಟರಿ, ಅಂದರೆ ಬಟನ್ ಸೆಲ್, ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಸಡಿಲ ಅಯಸ್ಕಾಂತ ಇರುವುದೂ ಬೇಡ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಹೊಸದಾಗಿ ಕೊಳ್ಳುವಾಗ ಅದನ್ನು ನೋಡಿಯೇ ಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡುವ ಆಟಿಕೆಯ ಯಾವುದೇ ಭಾಗ ಉಸಿರುಗಟ್ಟಿಸುವಷ್ಟು ಚಿಕ್ಕದಾಗಿರಬಾರದು. ಪ್ರಯೋಗಾಲಯದಲ್ಲಿ ಇದಕ್ಕೆ ಸುಮಾರು 32 ಮಿಲಿಮೀಟರ್ ವ್ಯಾಸದ ಕೊಳವೆ ಬಳಸುತ್ತಾರೆ. ನೀವು ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಇಟ್ಟುಕೊಳ್ಳಿ. ಅದು ಸ್ವಲ್ಪ ಅಗಲವಾದ್ದರಿಂದ ಪರೀಕ್ಷೆ ಇನ್ನೂ ಬಿಗಿಯಾಗುತ್ತದೆ. ಅದರೊಳಗೆ ಇಳಿಯುವ ಭಾಗವಿದ್ದರೆ ಆ ಆಟಿಕೆ ದೊಡ್ಡ ಮಕ್ಕಳ ಕಪಾಟಿಗೆ.

ನಮ್ಮ ಕಡೆಯ ಆಟಗಳನ್ನು ಸೇರಿಸುವುದು ಒಳ್ಳೆಯದು, ಅದು ಲೈಬ್ರರಿಗೆ ತನ್ನದೇ ಮುಖ ಕೊಡುತ್ತದೆ: ಚೌಕಾಬಾರ, ಬುಗುರಿ, ಅಳಗುಳಿಮಣೆ. ಅಳಗುಳಿಮಣೆಯ ತುಳು ರೂಪವಾದ ಚೆನ್ನೆಮಣೆಗೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ ಬೇಕು. ದಾನಿಗಳ ಮನೆಯಿಂದ ಮಣೆಯ ಜೊತೆಗೆ ಬರುವ ಕೆಂಪು ಕಾಳುಗಳನ್ನು ಮಾತ್ರ ಒಂದೊಂದಾಗಿ ನೋಡಿ. ಕಪ್ಪು ಕಣ್ಣಿರುವ ಕೆಂಪು ಕಾಳು ಗುಲಗಂಜಿ, ಅದು ವಿಷ. ಕೆಂಪು ಕಾಳೆಲ್ಲ ತೆಗೆದು ಕವಡೆಯನ್ನೋ ಹುಣಸೆಬೀಜವನ್ನೋ ಹಾಕಿ, ಆರು ವರ್ಷ ಮೇಲ್ಪಟ್ಟವರಿಗೆ ಮಾತ್ರ ಕೊಡಿ.

ಹೆಸರು

ಮುಂಬೈಯಲ್ಲಿ ಕನ್ನಡದ ಹೆಸರು ಮೂರು ಲಿಪಿಯಲ್ಲಿ ಬದುಕಬೇಕು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡುವ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ, ದೇವನಾಗರಿ ಮತ್ತು ಇಂಗ್ಲಿಷ್ ಬರುತ್ತದೆ. ಪಕ್ಕದ ಮನೆಯ ಮರಾಠಿ ಮಗುವೂ ಸದಸ್ಯನಾಗಬೇಕಲ್ಲ. ದೇವನಾಗರಿಯಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ಆ ಸ್ವರಗಳ ಮೇಲೆ ನಿಂತ ಹೆಸರು ಬೋರ್ಡಿನಲ್ಲಿ ಕೆಡುತ್ತದೆ. ಎರಡು ಮೂರು ಒತ್ತಕ್ಷರ ಇರುವ ಹೆಸರೂ ಚಿಕ್ಕ ಅಂಟುಚೀಟಿಯಲ್ಲಿ ಮಸಿಯ ಮುದ್ದೆಯಾಗುತ್ತದೆ.

ಈ ಲೇಖನದುದ್ದಕ್ಕೂ ಮಾದರಿಗೆಂದು ‘ತಿರುಗಾಟ’ ಎಂಬ ಹೆಸರನ್ನು ಇಟ್ಟುಕೊಳ್ಳೋಣ. ನಾಲ್ಕು ಅಕ್ಷರ, ಒತ್ತಿಲ್ಲ, ದೇವನಾಗರಿಯಲ್ಲಿ ಹಾಗೇ ಉಳಿಯುತ್ತದೆ. ಯಕ್ಷಗಾನ ಮೇಳಗಳು ಊರೂರು ಸುತ್ತಿ ಆಟ ಆಡುವ ತಿರುಗಾಟ ಗೊತ್ತಿರುವ ಕರಾವಳಿಯ ಮನೆಗಳಿಗೆ ಇದರಲ್ಲಿ ಆಟವೂ ಇದೆ, ಮನೆಯಿಂದ ಮನೆಗೆ ಹೋಗುವುದೂ ಇದೆ. ‘ಬಡ ಮಕ್ಕಳಿಗಾಗಿ’, ‘ಸೇವಾ’, ‘ದಾನ’ ಇಂಥ ಪದಗಳನ್ನು ಹೆಸರಿನಿಂದ ದೂರ ಇಡಿ. ಲೈಬ್ರರಿ ಎಲ್ಲರದ್ದೂ ಅನ್ನಿಸದಿದ್ದರೆ ಅನುಕೂಲಸ್ಥರು ಬರೀ ದಾನಿಗಳಾಗಿ ಹೊರಗೆ ನಿಲ್ಲುತ್ತಾರೆ, ಅಗತ್ಯ ಇರುವವರು ಸಂಕೋಚದಿಂದ ಹಿಂದೆ ಸರಿಯುತ್ತಾರೆ.

ಪರೀಕ್ಷೆ ಸುಲಭ. ಹೆಸರನ್ನು ಫೋನಿನಲ್ಲಿ ಒಂದೇ ಸಲ ಹೇಳಿ, ಕನ್ನಡ ಬಾರದ ಐದು ಜನರಿಂದ ಬರೆಸಿ. ಮೂವರಾದರೂ ಸರಿಯಾಗಿ ಬರೆದರೆ ನಡೆಯುತ್ತದೆ. ಮರಾಠಿ ಆಡುಮಾತಿನಲ್ಲಿ ಅದಕ್ಕೆ ಬೇರೆ ಅರ್ಥ ಇದೆಯೇ ಎಂದು ಕಾಲೇಜಿಗೆ ಹೋಗುವ ಹುಡುಗರನ್ನು ಕೇಳಿ, ಹಿರಿಯರಿಗಿಂತ ಅವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಸಂಘದ ಹೆಸರು ಲೈಬ್ರರಿಯ ಹೆಸರಿನ ಕೆಳಗೆ ಮೂರನೇ ಒಂದು ಗಾತ್ರದಲ್ಲಿರಲಿ. ಮಾಟುಂಗದ ಮೈಸೂರು ಅಸೋಸಿಯೇಶನ್‌ನಂತೆ 1926ರಿಂದ ನಡೆದುಬಂದ ಸಂಸ್ಥೆಗಳಿರುವ ಊರಿದು, ಸಂಘದ ಹೆಸರಿಗೆ ಜನರಲ್ಲಿ ನಂಬಿಕೆ ಇದೆ. ಆದರೂ ಐದು ವರ್ಷದ ಮಗು ಹೇಳಬೇಕಾದದ್ದು ಲೈಬ್ರರಿಯ ಹೆಸರನ್ನು.

ಚಿಹ್ನೆ ಮತ್ತು ಅಕ್ಷರ

ಚಿಹ್ನೆ ಅತಿ ಚಿಕ್ಕದಾಗಿ ಬರುವುದು ಆಟಿಕೆಯ ಅಡಿಯಲ್ಲಿ, 12 ಮಿಲಿಮೀಟರ್ ಅಗಲದಲ್ಲಿ. ಅಲ್ಲಿಂದಲೇ ವಿನ್ಯಾಸ ಶುರುಮಾಡಿ. ಒಂದೇ ಬಣ್ಣ, ದಪ್ಪ ಗೆರೆ, ಒಂದೇ ಆಕಾರ, ಉದಾಹರಣೆಗೆ ಒಂದು ಬುಗುರಿ. ನಗುವ ಮಕ್ಕಳು, ಕೈಕೈ ಹಿಡಿದ ಭೂಮಿ, ಎಲೆ, ಕಾಮನಬಿಲ್ಲು ಎಲ್ಲ ಸೇರಿಸಿದರೆ ಈ ಅಳತೆಯಲ್ಲಿ ಏನೂ ಉಳಿಯುವುದಿಲ್ಲ. 12 ಮಿಲಿಮೀಟರಿಗೆ ಇಳಿಸಿ ಪ್ರಿಂಟ್ ತೆಗೆದು, ಅದನ್ನು ಝೆರಾಕ್ಸ್ ಮಾಡಿಸಿ, ಆ ಝೆರಾಕ್ಸನ್ನು ಮತ್ತೆ ಝೆರಾಕ್ಸ್ ಮಾಡಿಸಿ. ಮೂರನೆಯ ಪ್ರತಿಯಲ್ಲೂ ಬುಗುರಿ ಬುಗುರಿಯಾಗಿಯೇ ಕಂಡರೆ ಚಿಹ್ನೆ ಗಟ್ಟಿ ಎಂದರ್ಥ.

ಅಕ್ಷರಕ್ಕೆ ಹಣ ಕೊಡಬೇಕಿಲ್ಲ. ಮುಂಬೈಯದೇ ಆದ ಎಕ್ ಟೈಪ್ ಸಂಸ್ಥೆ ಮಾಡಿದ ‘ಬಾಲೂ ತಮ್ಮ 2’ ಫಾಂಟ್ ಕನ್ನಡಕ್ಕೆ, ಅದೇ ಕುಟುಂಬದ ‘ಬಾಲೂ 2’ ದೇವನಾಗರಿ ಮತ್ತು ಇಂಗ್ಲಿಷಿಗೆ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ದುಂಡಗಿವೆ, ಮೂರು ಲಿಪಿಗೂ ಒಂದೇ ತೂಕ. ಸಾಲಿನ ಅಂತರ ಮಾತ್ರ ನೀವೇ ಹೊಂದಿಸಬೇಕು. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ದೇವನಾಗರಿಯ ಮಾತ್ರೆಗಳು ತಲೆಗೆರೆಯ ಮೇಲೆ ಏಳುತ್ತವೆ. ಕನ್ನಡವನ್ನು ಮೇಲೆ, ದೇವನಾಗರಿಯನ್ನು ಕೆಳಗೆ ಇಟ್ಟರೆ ಎರಡೂ ನಡುವೆ ಬಂದು ತಾಗುತ್ತವೆ. ಅಕ್ಷರದ ಎತ್ತರದ ಮುಕ್ಕಾಲು ಭಾಗದಷ್ಟು ಜಾಗ ನಡುವೆ ಬಿಡಿ.

ಇನ್ನು ಪ್ರಿಂಟಿಂಗ್ ಅಂಗಡಿಯ ವಿಷಯ. ಮುಂಬೈಯ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಓದಬಲ್ಲವರು ಇರುವುದು ಅಪರೂಪ. ಫೈಲ್ ತೆರೆದಾಗ ಒತ್ತಕ್ಷರ ಬಿಡಿಬಿಡಿಯಾಗಿ ಚೆಲ್ಲಿದರೂ ಅವರಿಗೆ ತಿಳಿಯುವುದಿಲ್ಲ, 500 ಪ್ರತಿ ಹಾಗೇ ಅಚ್ಚಾಗಿ ಬರುತ್ತದೆ. ಎಲ್ಲ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಚಿತ್ರರೂಪದ ಗೆರೆಗಳಿಗೆ, ಬದಲಿಸಿದ ಪಿಡಿಎಫ್ ಮಾತ್ರ ಕೊಡಿ. ಪಠ್ಯವನ್ನು ವಾಟ್ಸಾಪಿನಲ್ಲಿ ಕಳಿಸಿ ‘ಅಲ್ಲೇ ಟೈಪ್ ಮಾಡಿಕೊಳ್ಳಿ’ ಎನ್ನಬೇಡಿ. ಮೊದಲ ಪ್ರತಿಯನ್ನು ಅಂಗಡಿಯಲ್ಲೇ ನಿಂತು ಓದಿ ಸಹಿ ಹಾಕಿ.

ಆಟಿಕೆಯ ಮೇಲಿನ ಗುರುತು

ವಯಸ್ಸಿಗೆ ಬಣ್ಣ ಮತ್ತು ಆಕಾರ ಎರಡನ್ನೂ ಕೊಡಿ: ಮೂರು ವರ್ಷದೊಳಗೆ ಹಸಿರು ವೃತ್ತ, ಮೂರರಿಂದ ಆರು ಹಳದಿ ತ್ರಿಕೋನ, ಆರರ ಮೇಲೆ ನೀಲಿ ಚೌಕ. ಬಣ್ಣಗುರುಡು ಇರುವವರಿಗೆ ಆಕಾರ ದಾರಿ ತೋರಿಸುತ್ತದೆ. ಪ್ರತಿ ಆಟಿಕೆಗೆ ಒಂದು ಸಂಖ್ಯೆ, ಪಕ್ಕದಲ್ಲಿ ಭಾಗಗಳ ಸಂಖ್ಯೆ: ‘ಕ-14 / 22’ ಎಂದರೆ 14ನೆಯ ಆಟಿಕೆ, 22 ಭಾಗ.

ಕಾಗದದ ಚೀಟಿ ಎರಡು ತೊಳೆತಕ್ಕೆ ಹೋಗುತ್ತದೆ. ಬಿಲ್ ಯಂತ್ರದಂಥ ಥರ್ಮಲ್ ಪ್ರಿಂಟಿನ ಚೀಟಿ ಬಿಸಿಲಿಗೆ, ಸೆಕೆಗೆ ಮಾಸುತ್ತದೆ. ಲ್ಯಾಮಿನೇಟ್ ಆದ ಪಾಲಿಯೆಸ್ಟರ್ ಚೀಟಿ ಮಾಡಿಸಿ. ಇಡೀ ಆರ್ಡರ್ ಕೊಡುವ ಮೊದಲು ಹತ್ತು ಚೀಟಿ ತಂದು ಪ್ಲಾಸ್ಟಿಕ್ ಡಬ್ಬಿಗೆ ಅಂಟಿಸಿ, ಸೋಪು ನೀರಿನಲ್ಲಿ 24 ಗಂಟೆ ನೆನೆಹಾಕಿ, ಉಗುರಿನಿಂದ ಕೆರೆದು ನೋಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಮಾತ್ರ ಯಾವ ಚೀಟಿಯೂ ಬೇಡ, ಮಗು ಅದನ್ನು ಕಿತ್ತು ಬಾಯಿಗೆ ಹಾಕುತ್ತದೆ. ದಾರ ಕಟ್ಟಿದ ಟ್ಯಾಗ್ ಅಂತೂ ಕೂಡದು, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ. ಅವುಗಳ ಗುರುತೆಲ್ಲ ಚೀಲದ ಮೇಲಿರಲಿ.

ಚನ್ನಪಟ್ಟಣದ ಗೊಂಬೆಗಳಿಗೆ ಬೇರೆಯೇ ಉಪಚಾರ ಬೇಕು. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುವಂತೆ ಬಣ್ಣ ಕೂರಿಸುತ್ತಾರೆ. ಈ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಎಂದರೆ ಹೆಚ್ಚುಪಾಲು ಅದೇ. ಒಳ್ಳೆಯ ಮನಸ್ಸಿನಿಂದ ಒರೆಸಿದರೂ ಹೊಳಪು ಹೋಗಿ, ಬಣ್ಣ ಬಟ್ಟೆಗೆ ಬಂದು, ಮೈ ಅಂಟಂಟಾಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ. ಬಿಸಿಲಿಗಿಟ್ಟರೆ ಅರಗು ಮೆತ್ತಗಾಗುತ್ತದೆ. ಸಂಖ್ಯೆಯನ್ನು ಬಣ್ಣ ಇಲ್ಲದ ಅಡಿಭಾಗದಲ್ಲಿ ಕಾದ ಸೂಜಿಯಿಂದ ಸುಟ್ಟು ಬರೆಯಿಸಿ. ಈ ಗೊಂಬೆಗಳ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಸ್ಯಾನಿಟೈಸರ್ ಬೇಡ, ನೀರಲ್ಲಿ ಅದ್ದಬೇಡಿ’ ಎಂದಿರಲಿ.

ಚೀಲ ಮತ್ತು ತಿರುಗಾಟದ ಕಾರ್ಡು

ಬ್ರ್ಯಾಂಡಿಂಗಿಗೆ ಇಟ್ಟ ಹಣದಲ್ಲಿ ಅರ್ಧವನ್ನು ಚೀಲಕ್ಕೇ ಹಾಕಿ. ಲಿಫ್ಟಿನಲ್ಲಿ, ಲೋಕಲ್ ರೈಲಿನಲ್ಲಿ, ಶಾಲೆಯ ಗೇಟಿನ ಹತ್ತಿರ ಕಾಣಿಸುವುದು ಚೀಲವೇ. ಮನೆಯಲ್ಲಿ ಬಾಗಿಲ ಹಿಂದೆ ನೇತಾಡುತ್ತಾ ‘ಇದು ವಾಪಸ್ ಹೋಗಬೇಕು’ ಎಂದು ದಿನವೂ ನೆನಪಿಸುವುದೂ ಅದೇ. ಆಟಿಕೆಯನ್ನು ಸಿಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರೆ ಅದು ಮನೆಯ ಬೇರೆ ಆಟಿಕೆಗಳೊಳಗೆ ಕರಗಿಹೋಗುತ್ತದೆ.

ಅಳತೆ: 16×18 ಇಂಚು, ತಳ ನಾಲ್ಕಿಂಚು. ಬಟ್ಟೆ 220 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಆಸುಪಾಸಿನ, ಬಿಳುಪು ಮಾಡದ ಕೋರಾ ಕ್ಯಾನ್ವಾಸ್. 40 ಮನೆಗೆ 60 ಚೀಲ ಬೇಕು, ಯಾವಾಗಲೂ ಒಂದಷ್ಟು ತೊಳೆಯಲು ಹೋಗಿರುತ್ತವೆ. ಬಾಯಿ ತೆರೆದ ಚೀಲದಿಂದ ಭಾಗಗಳು ಉದುರುತ್ತವೆ, ಎಳೆದು ಕಟ್ಟುವ ದಾರ ಚಿಕ್ಕ ಮಕ್ಕಳಿಗೆ ಅಪಾಯ, ಲೋಹದ ಜಿಪ್ ಈ ಊರಿನ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ನೈಲಾನ್ ಜಿಪ್ ಹಾಕಿಸಿ. ಒಳಗೆ ಕಾರ್ಡಿಗೊಂದು ಪಾರದರ್ಶಕ ಜೇಬು, 4×6 ಇಂಚು. ಕೋರಾ ಬಟ್ಟೆ ಮೊದಲ ತೊಳೆತಕ್ಕೆ ಕುಗ್ಗುತ್ತದೆ, ಆದ್ದರಿಂದ ಮಂಗಲದಾಸ್ ಮಾರ್ಕೆಟ್ಟಿನಿಂದ ಬಟ್ಟೆ ತಂದರೆ ಮೊದಲು ತೊಳೆಸಿ, ಆಮೇಲೆ ಹೊಲಿಸಿ, ಕೊನೆಗೆ ಅಚ್ಚು ಹಾಕಿಸಿ. ಕ್ರಮ ತಪ್ಪಿದರೆ ಚಿಹ್ನೆ ಸುಕ್ಕುಗಟ್ಟುತ್ತದೆ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಬೇಕು, ಒಂದೇ ಬಣ್ಣದ ಚಿಹ್ನೆಯಿಂದ ಇಲ್ಲಿ ಹಣ ಉಳಿಯುತ್ತದೆ.

ಚೀಲದ ಮೇಲೆ ದಾನಿಗಳ ಹೆಸರು, ಪದಾಧಿಕಾರಿಗಳ ಹೆಸರು ಹಾಕಬೇಡಿ. ಈ ಒತ್ತಾಯ ಬಂದೇ ಬರುತ್ತದೆ, ವಿನಯದಿಂದ ಆದರೆ ಗಟ್ಟಿಯಾಗಿ ಬೇಡ ಎನ್ನಿ. ಇನ್ನೊಬ್ಬರ ಹೆಸರು ಹೊತ್ತ ಚೀಲ ಹಿಡಿದ ಮಗು ಯಾರದೋ ಉಪಕಾರವನ್ನು ಹೊತ್ತಂತಾಗುತ್ತದೆ. ದಾನಿಗಳಿಗೆ ಲೈಬ್ರರಿಯ ಗೋಡೆಯಲ್ಲಿ ಗೌರವದ ಜಾಗ ಕೊಡಿ. ಸ್ವಯಂಸೇವಕರ ಸ್ವಂತ ಫೋನ್ ನಂಬರೂ ಬೇಡ, ಅವರು ಬದಲಾದರೆ ಚೀಲಗಳೆಲ್ಲ ಹಳತಾಗುತ್ತವೆ. ಲೈಬ್ರರಿಗೇ ಒಂದು ಸಿಮ್ ತೆಗೆದುಕೊಳ್ಳಿ.

ಕಾರ್ಡು ಚೀಲದ ಜೀವ. ಅದರಲ್ಲಿ ಆಟಿಕೆಯೇ ಮಾತಾಡಲಿ:

‘ನಾನು ಮರದ ರೈಲು. ನನ್ನ ನಂಬರ್ ಕ-14. ನನಗೆ 22 ಭಾಗ. ನನ್ನ ತೂಕ 1,340 ಗ್ರಾಂ. ನಾನು ಆಡಿ ಬಂದ ಮನೆಗಳು:’

ಕೆಳಗೆ 20 ಸಾಲು. ಒಂದೊಂದರಲ್ಲಿ ಮಗುವಿನ ಕರೆಯುವ ಹೆಸರು, ಬಡಾವಣೆ, ತಿಂಗಳು. ಫ್ಲ್ಯಾಟ್ ನಂಬರ್, ಪೂರ್ತಿ ಹೆಸರು ಬೇಡ. ಪಕ್ಕದಲ್ಲಿ ಒಂದು ಖಾಲಿ ವೃತ್ತ, ವಾಪಸ್ ತಂದಾಗ ಮಗು ತನ್ನ ಕೈಯಾರೆ ಅಲ್ಲಿ ಬುಗುರಿಯ ಮುದ್ರೆ ಒತ್ತುತ್ತದೆ. ‘ಚಿನ್ನು, ಠಾಣೆ, ಜೂನ್. ಆರೋಹಿ, ಕಲ್ವಾ, ಜುಲೈ’ ಎಂದು ಸಾಲು ತುಂಬಿದಂತೆ ಬಳಸಿದ ಆಟಿಕೆಗೆ ಗೌರವ ಬರುತ್ತದೆ. ಹತ್ತು ಮನೆ ಸುತ್ತಿದ ರೈಲನ್ನು ಮಕ್ಕಳು ತಾವಾಗಿಯೇ ಕೇಳತೊಡಗುತ್ತಾರೆ. ತುಂಬಿದ ಕಾರ್ಡುಗಳನ್ನು ಎಸೆಯದೆ ಗೋಡೆಗೆ ಹಚ್ಚಿ. ಹಂಚಿಕೊಂಡು ಆಡುವುದು ಎಷ್ಟು ನಡೆಯುತ್ತಿದೆ ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಜಾಹೀರಾತು ಇಲ್ಲ.

ವಾಪಸ್ ಪಡೆಯುವ ಮೇಜಿನಲ್ಲಿ ಕ್ರಮ ಹೀಗಿರಲಿ:

1. ಚೀಲ ಬಿಚ್ಚಿ ಆಟಿಕೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಇಡಿ, ಕಾರ್ಡಿನ ತೂಕದೊಂದಿಗೆ ಹೋಲಿಸಿ. 22 ಭಾಗ ಎಣಿಸುವುದಕ್ಕಿಂತ ಇದು ಬೇಗ. 25 ಗ್ರಾಂ ಕಡಿಮೆ ಇದ್ದರೆ ಆಗ ಎಣಿಸಿ.
2. ಭಾಗ ಸಿಗದಿದ್ದರೂ ಮುದ್ರೆ ಒತ್ತಿಸಿ, ಕಾರ್ಡಿನಲ್ಲಿ ‘ಒಂದು ಚಕ್ರ ಹುಡುಕುತ್ತಿದ್ದೇವೆ’ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಬಾಗಿಲ ಬಳಿ ‘ಸಿಕ್ಕಿತು’ ಎಂಬ ಡಬ್ಬಿ ಇರಲಿ. ವಾರಗಳ ನಂತರ ಸೋಫಾದ ಅಡಿ ಸಿಕ್ಕ ಚಕ್ರವನ್ನು ಯಾರಿಗೂ ಉತ್ತರ ಕೊಡದೆ ಹಾಕಿ ಹೋಗಬಹುದು.
3. ಆಟಿಕೆ ನೇರ ಕಪಾಟಿಗೆ ಹೋಗಬಾರದು. ‘ಸ್ನಾನಕ್ಕೆ’ ಎಂದು ಬರೆದ ಬುಟ್ಟಿಗೆ ಹೋಗಲಿ, ಅದು ಎಲ್ಲರಿಗೂ ಕಾಣುವಂತಿರಲಿ. ಪ್ಲಾಸ್ಟಿಕ್ಕಿಗೆ ಸೋಪು ನೀರು, ಮರಕ್ಕೆ ಒದ್ದೆ ಬಟ್ಟೆ. ತೊಳೆದದ್ದಕ್ಕೆ ಕಾರ್ಡಿನ ಹಿಂದೆ ತಾರೀಖು.

ಮರದ ಆಟಿಕೆ ಮಳೆಗಾಲದಲ್ಲಿ ತೇವ ಹೀರಿ ಕೆಲವು ಗ್ರಾಂ ಹೆಚ್ಚು ತೂಗುತ್ತದೆ. ಜೂನ್ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಮತ್ತೆ ತೂಗಿ ಬರೆಯಿರಿ.

ದಂಡ ಬೇಡ, ಕಾಯುವವರ ಮಾತು ಸಾಕು

ಉರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿದಾಗ ತಡಮಾಡುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. ಸಂಕೋಚ ಇದ್ದ ಜಾಗಕ್ಕೆ ಬೆಲೆ ಬಂದಿತ್ತು. ವಾರಕ್ಕೆ 20 ರೂಪಾಯಿ ದಂಡ ಎಂದರೆ ಮುಂಬೈಯ ಮನೆಯವರು ಸಂತೋಷದಿಂದ ಕೊಟ್ಟು ಆಟಿಕೆಯನ್ನು ಇಟ್ಟುಕೊಳ್ಳುತ್ತಾರೆ, ಲೈಬ್ರರಿ ಬಾಡಿಗೆ ಅಂಗಡಿಯಾಗುತ್ತದೆ.

ಗಡುವಿನ ದಿನ ಅಲ್ಲ, ಅದರ ಹಿಂದಿನ ಶುಕ್ರವಾರ ಸಂಜೆ ಸಂದೇಶ ಕಳಿಸಿ: ‘ನಮಸ್ಕಾರ ಅಕ್ಕಾ. ನಿಮ್ಮ ಮನೆಯಲ್ಲಿರುವ ಕ-14 ರೈಲಿಗಾಗಿ ಐರೋಲಿಯಲ್ಲಿ ಒಂದು ಮಗು ಕಾಯ್ತಾ ಇದೆ. ಭಾನುವಾರ 11ರಿಂದ 1ರ ಒಳಗೆ ತಂದುಕೊಡ್ತೀರಾ?’ ಕಾಯುವ ಮಗು ನಿಜವಾಗಿ ಇದ್ದಾಗ ಮಾತ್ರ ಹೀಗೆ ಬರೆಯಿರಿ, ಅದಕ್ಕಾಗಿ ಕಾಯುವವರ ಪಟ್ಟಿ ಇಡಿ. ‘ಕೊನೆಯ ಎಚ್ಚರಿಕೆ’, ‘ನಿಯಮ ಉಲ್ಲಂಘನೆ’ ಬೇಡ. ಎರಡು ಸಂದೇಶಕ್ಕೂ ಉತ್ತರ ಇಲ್ಲದಿದ್ದರೆ ಫೋನ್ ಮಾಡಿ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು.

ಫಲಕ, ಫೋನು, ಪರಿಸರದ ಮಾತು

ಮಹಾರಾಷ್ಟ್ರದಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯಂತೆ ನಾಮಫಲಕದಲ್ಲಿ ದೇವನಾಗರಿ ಮರಾಠಿ ಇರಲೇಬೇಕು, ಅದು ಬೇರೆ ಲಿಪಿಗಿಂತ ಚಿಕ್ಕದಾಗಿರಬಾರದು. ಸಂಘದ ಕೋಣೆ ಅಂಗಡಿಯಲ್ಲದಿದ್ದರೂ ಕನ್ನಡ, ಮರಾಠಿ ಎರಡನ್ನೂ ಸಮ ಎತ್ತರದಲ್ಲಿ ಬರೆಸಿ. ಹೌಸಿಂಗ್ ಸೊಸೈಟಿಯ ಒಳಗಾದರೆ ಕಮಿಟಿಯ ಒಪ್ಪಿಗೆ ಲಿಖಿತವಾಗಿ ಪಡೆಯಿರಿ. ರಸ್ತೆಬದಿಯಲ್ಲಿ ಬ್ಯಾನರ್ ಕಟ್ಟಲು ಪಾಲಿಕೆಯ ಅನುಮತಿ ಬೇಕು. ಹೇಗೂ ಪಿವಿಸಿ ಫ್ಲೆಕ್ಸ್ ಈ ಕೆಲಸಕ್ಕೆ ಹೊಂದುವುದಿಲ್ಲ, ಮೂರು ವರ್ಷ ಮಡಚಿಟ್ಟು ಬಳಸುವಂಥ ಬಟ್ಟೆಯ ಬ್ಯಾನರಿನಲ್ಲಿ ತಾರೀಖು ಬರೆಯದೆ ಹೆಸರಷ್ಟೇ ಹಾಕಿಸಿ.

ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗಿನಲ್ಲಿ 500 ವಸ್ತುಗಳನ್ನು ಹಾಕಬಹುದು, ಬೇರೆ ಆ್ಯಪ್ ಬೇಕಿಲ್ಲ. ಎಲ್ಲ ಫೋಟೊಗೂ ಒಂದೇ ಹಿನ್ನೆಲೆ, ಅದೇ ಕೋರಾ ಬಟ್ಟೆ, ಕಿಟಕಿಯ ಬೆಳಕು, ಅಳತೆಗೆಂದು ಪಕ್ಕದಲ್ಲಿ ಬುಗುರಿಯ ಮುದ್ರೆ. ಮಕ್ಕಳ ಮುಖ ಬೇಡ, ಆಡುವ ಕೈಗಳು ಸಾಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕ್ಯೂಆರ್ ಕೋಡ್ ಹಾಕಿಸುವುದಾದರೆ 20 ಮಿಲಿಮೀಟರಿಗಿಂತ ಚಿಕ್ಕದು ಬೇಡ. ಉಚಿತ ಪ್ರಯೋಗದ ಹೆಸರಲ್ಲಿ ಸಿಗುವ, ಬೇರೆ ಕಂಪನಿಯ ಕೊಂಡಿಯ ಮೂಲಕ ಹಾದುಹೋಗುವ ಡೈನಾಮಿಕ್ ಕೋಡೂ ಬೇಡ, ಚಂದಾ ನಿಂತ ದಿನ ಚೀಲಗಳ ಮೇಲಿನ ಕೋಡುಗಳೆಲ್ಲ ಒಟ್ಟಿಗೆ ಸಾಯುತ್ತವೆ.

‘ಪರಿಸರಸ್ನೇಹಿ’, ‘ಭೂಮಿ ಉಳಿಸಿ’ ಎಂದು ಬರಿದೆ ಹೇಳುವುದನ್ನು ಬಿಡಿ. ಆಧಾರವಿಲ್ಲದ ಇಂಥ ಮಾತಿಗೆ ಕಡಿವಾಣ ಹಾಕಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ತಂದಿದೆ. ಎಷ್ಟು ಕಿಲೊ ಪ್ಲಾಸ್ಟಿಕ್ ಉಳಿಸಿದೆವು ಎಂದು ಊಹಿಸಿ ಬರೆಯುವ ಬದಲು ನಿಮ್ಮ ಕೈಯಲ್ಲಿರುವ ಲೆಕ್ಕ ಹೇಳಿ: ಎಷ್ಟು ಆಟಿಕೆ, ಎಷ್ಟು ಸಲ ಹೊರಗೆ ಹೋದವು, ಎಷ್ಟು ರಿಪೇರಿಯಾದವು, ಎಷ್ಟು ಕಳೆದವು. ಕಳೆದದ್ದನ್ನೂ ಹೇಳಿದರೆ ಉಳಿದ ಅಂಕಿಗಳನ್ನು ಜನ ನಂಬುತ್ತಾರೆ.

ವರ್ಷದ ಪಂಚಾಂಗ

ಜೂನ್ ನಡುವಿಗೆ ಶಾಲೆ ತೆರೆಯುತ್ತದೆ, ಮಳೆ ಹಿಡಿಯುತ್ತದೆ, ಮಕ್ಕಳು ಒಳಗೆ ಕೂರುತ್ತಾರೆ. ಆಟಿಕೆಯ ಬೇಡಿಕೆ ಆಗಲೇ ಹೆಚ್ಚು. ಆ ವಾರ 20 ಮನೆಗಳೊಂದಿಗೆ ಸದ್ದಿಲ್ಲದೆ ಶುರುಮಾಡಿ, ಚೀಲ, ಕಾರ್ಡು, ತಕ್ಕಡಿಯ ತೊಡಕುಗಳನ್ನು ಸರಿಮಾಡಿಕೊಳ್ಳಿ. ಸಾರ್ವಜನಿಕ ಉದ್ಘಾಟನೆ ನವರಾತ್ರಿಗೆ, ಗೊಂಬೆ ಕೂರಿಸುವ ಹೊತ್ತಿಗೆ ಇರಲಿ. ಮಳೆಗಾಲದಲ್ಲಿ ಮರದ ಆಟಿಕೆಯ ಕಪಾಟನ್ನು ಗೋಡೆಯಿಂದ ಮೂರಿಂಚು ಮುಂದೆ ಎಳೆದಿಡಿ, ಗೋಡೆಯ ತೇವದಿಂದಲೇ ಬೂಷ್ಟು ಹತ್ತುತ್ತದೆ. ಬ್ಯಾಟರಿಗಳನ್ನು ಆಟಿಕೆಯಿಂದ ತೆಗೆದು ಬೇರೆ ಇಡಿ, ಸೋರಿದರೆ ತಂತಿ ತಿನ್ನುತ್ತದೆ.

ಏಪ್ರಿಲ್ ಕೊನೆಯ ಭಾನುವಾರ ಎಲ್ಲ ಆಟಿಕೆಗಳೂ ವಾಪಸ್. ಮೇ ತಿಂಗಳಲ್ಲಿ ಅರ್ಧ ಸದಸ್ಯರು ಊರಿಗೆ ಹೊರಡುತ್ತಾರೆ, ಕೊಟ್ಟ ಆಟಿಕೆ ಉಡುಪಿಯ ಅಜ್ಜಿಮನೆಯಲ್ಲೇ ಉಳಿದುಬಿಡುತ್ತದೆ. ಬೇಕೆಂದವರಿಗೆ ‘ಊರಿನ ಚೀಲ’ ಎಂದು ಬೇರೆಯೇ ಹತ್ತು ಚೀಲ ಮಾಡಿ: ಮಡಚುವ ಚೌಕಾಬಾರದ ಬಟ್ಟೆ, ಚಿತ್ರದ ಕಾರ್ಡು, ದೊಡ್ಡ ತುಂಡುಗಳ ಪಝಲ್. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಬರ್ತಿನ ಮೇಲೆ ಹರಡಿ ಆಡುವಂತಿರಬೇಕು, ಸೀಟಿನ ಕೆಳಗೆ ಉರುಳಿ ಹೋಗುವಂಥದ್ದು ಯಾವುದೂ ಇರಬಾರದು. ಕರಾವಳಿಯ ಮೇಳಗಳು ಮೇ ಕೊನೆಯ ವಾರದ ಸುಮಾರಿಗೆ ಬರುವ ಪತ್ತನಾಜೆಗೆ ತಿರುಗಾಟ ಮುಗಿಸುವಂತೆ ನಿಮ್ಮ ವರ್ಷವೂ ಅಲ್ಲಿಗೇ ಮುಗಿಯಲಿ. ಅಲ್ಲಿಂದ ಶಾಲೆ ತೆರೆಯುವವರೆಗಿನ ಮೂರು ವಾರದಲ್ಲಿ ಪ್ರತಿ ಆಟಿಕೆಯನ್ನೂ ಕೈಗೆತ್ತಿ ನೋಡಿ. ಮಾಸಿದ ಚೀಟಿ ಬದಲಿಸಿ, ಜಿಪ್ ಕೆಟ್ಟ ಚೀಲ ಹೊಲಿಸಿ, ಮೂರು ತಿಂಗಳಿಂದ ಯಾರೂ ಕೇಳದ್ದನ್ನು ಪಕ್ಕದ ಬಾಲವಾಡಿಗೆ ಕೊಡಿ, ಬಿರುಕು ಬಿಟ್ಟದ್ದನ್ನು ಬಿಡಿಭಾಗಗಳ ಡಬ್ಬಿಗೆ ಹಾಕಿ. ಆಮೇಲೆ ಎಷ್ಟು ಉಳಿದವೋ ಅದನ್ನು ಮೂರರಿಂದ ಭಾಗಿಸಿ. ಜೂನಿನಲ್ಲಿ ಅಷ್ಟು ಮನೆಗಳಿಗೆ ಮಾತ್ರ ಸದಸ್ಯತ್ವ ತೆರೆಯಿರಿ.